ಸ್ವಾಮಿ, ನಮಗೆ ಐದು ನಿಮಿಷ ಮೌನ ಕೊಡಿ

ಮೈಸೂರು, ಮಂಡ್ಯ ಭಾಗದ ನಮ್ಮ ಗುರುಗಳಿಗೆ, ಸಭಾಪಾಲಕರಿಗೆ, ಪಾಲನಾ ಸಮಿತಿಯ ಹಿರಿಯರಿಗೆ, ಕಾಯರ್ ಮತ್ತು ಯೂತ್ ಗುಂಪಿನವರಿಗೆ,

ಯೇಸುವಿಗೆ ಸ್ತೋತ್ರ.

ನಾನು ಮೈಸೂರಿನ ಒಂದು ಚರ್ಚಿನಲ್ಲಿ ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವವಳು. ಹುಟ್ಟಿ ಬೆಳೆದಿದ್ದು ಮಂಡ್ಯ ಜಿಲ್ಲೆಯಲ್ಲಿ. ಈ ಪತ್ರ ಯಾರೊಬ್ಬರ ಮೇಲಿನ ದೂರಲ್ಲ. ಅದಕ್ಕೇ ಯಾವ ಧರ್ಮಕೇಂದ್ರದ ಹೆಸರನ್ನೂ ಬರೆಯುತ್ತಿಲ್ಲ. ಓದಿದವರು ತಮ್ಮ ತಮ್ಮ ಚರ್ಚನ್ನು ನೆನೆದುಕೊಂಡರೆ ಸಾಕು.

ಇತ್ತೀಚೆಗೆ ಪ್ರಬೋಧನೆಯಲ್ಲಿ ಮೊಬೈಲ್ ವಿಷಯ ಬರದ ಭಾನುವಾರವೇ ಕಡಿಮೆ. ಮಕ್ಕಳು ಫೋನ್ ಕೆಳಗಿಡುವುದಿಲ್ಲ, ಯುವಕರು ರೀಲ್ಸ್‌ನಲ್ಲೇ ಮುಳುಗಿದ್ದಾರೆ, ಮನೆಯಲ್ಲಿ ಸಂಜೆಯ ಜಪಸರ ನಿಂತುಹೋಗಿದೆ ಅಂತ ಹೇಳುತ್ತೀರಿ. ಎಲ್ಲಾ ನಿಜ. ನಾನು ಇಲ್ಲ ಅನ್ನುವುದಿಲ್ಲ. ಆದರೆ ಮನಸ್ಸು ಹರಿದು ಹಂಚಿಹೋಗುತ್ತಿರುವುದು ಮನೆಯಲ್ಲಿ ಮಾತ್ರವಾ? ದೇವಾಲಯದ ಒಳಗೇ ಅದಕ್ಕೆ ಬೇಕಾದ ಏರ್ಪಾಡನ್ನೆಲ್ಲ ನಾವೇ ಮಾಡಿಟ್ಟಿದ್ದೇವೆ. ಮಕ್ಕಳನ್ನು ಬೈಯುವ ಮೊದಲು ಅದನ್ನು ಸರಿಮಾಡೋಣ ಅನ್ನುವುದು ನನ್ನ ಕೋರಿಕೆ.

ಹೋದ ವರ್ಷ ಪ್ರಥಮ ಪರಮಪ್ರಸಾದದ ದಿನ, ಅಂದರೆ ಯೇಸುವಿನ ಶರೀರವೇ ಅಂತ ನಾವು ನಂಬುವ ರೊಟ್ಟಿಯನ್ನು ಮಕ್ಕಳು ಮೊದಲ ಸಲ ಸ್ವೀಕರಿಸುವ ದಿನ, ಕಂಡದ್ದನ್ನು ಹೇಳುತ್ತೇನೆ. ಅಷ್ಟೂ ಮಕ್ಕಳಿಗೆ ತಿಂಗಳುಗಟ್ಟಲೆ ಪಾಠ ಮಾಡಿದ್ದೆ. ನೀವು ತೆಗೆದುಕೊಳ್ಳುವುದು ಯಾರನ್ನು, ತೆಗೆದುಕೊಂಡ ಮೇಲೆ ಬಂದು ಕೂತು ಕಣ್ಣು ಮುಚ್ಚಿ ಏನು ಮಾತಾಡಬೇಕು ಅಂತೆಲ್ಲಾ. ಅವತ್ತು ಮೊದಲ ಬೆಂಚಿಗೂ ಬಲಿಪೀಠಕ್ಕೂ ನಡುವೆ ಎರಡು ಲೈಟ್ ಸ್ಟ್ಯಾಂಡು, ಒಬ್ಬ ಫೋಟೋಗ್ರಾಫರ್, ಒಬ್ಬ ವಿಡಿಯೋದವನು, ಅವರ ಹಿಂದೆ ಫೋನ್ ಎತ್ತಿ ಹಿಡಿದ ಅಪ್ಪಂದಿರು. ಬಿಳಿ ಫ್ರಾಕು, ತಲೆಗೆ ಹೂವಿನ ಕಿರೀಟ, ಕೈಯಲ್ಲಿ ಮೇಣದಬತ್ತಿ ಹಿಡಿದಿದ್ದ ಒಂದು ಹುಡುಗಿ ಬಂದು ಪ್ರಸಾದ ಸ್ವೀಕರಿಸಿದಳು. ಫೋಟೋಗ್ರಾಫರ್ ಮೆಲ್ಲಗೆ, "ಫಾದರ್, ಸರಿಯಾಗಿ ಬರಲಿಲ್ಲ, ಇನ್ನೊಂದ್ ಸಲ ಕೈ ಮುಂದೆ ಹಿಡೀರಿ" ಅಂದ. ಫಾದರ್ ಹಿಡಿದರು. ಪಾಪ, ಅಪ್ಪ ಅಮ್ಮ ಬೇಜಾರು ಮಾಡಿಕೊಳ್ಳಬಾರದಲ್ಲ. ಮಗು ಪ್ರಸಾದ ಬಾಯಲ್ಲಿರುವಾಗಲೇ ಕ್ಯಾಮೆರಾ ನೋಡಿ ನಕ್ಕಿತು. ಬಂದು ಕೂತಿತು. ಕಣ್ಣು ಮುಚ್ಚಿತು ಕೂಡ. ಅಷ್ಟರಲ್ಲಿ ಅಮ್ಮ ಕಿರೀಟ ನೆಟ್ಟಗೆ ಮಾಡಿದರು. ಮೈಕಿನಲ್ಲಿ ಅನೌನ್ಸ್‌ಮೆಂಟ್ ಶುರುವಾಯಿತು: ಕೆಎ 09 ನಂಬರಿನ ಬಿಳಿ ಕಾರನ್ನು ಗೇಟಿನ ಮುಂದಿನಿಂದ ತೆಗೆಯಬೇಕಂತೆ, ಊಟದ ಕೂಪನ್ ಇಂತಲ್ಲಿ ಸಿಗುತ್ತದಂತೆ, ಕಿರೀಟದ ಖರ್ಚು ಕೊಟ್ಟವರು ಇಂಥವರಂತೆ, ಅವರಿಗೆ ಒಂದು ಚಪ್ಪಾಳೆಯಂತೆ.

ಆ ಮಗುವಿಗೆ ಯೇಸುವಿನ ಜೊತೆ ಸಿಕ್ಕ ಸಮಯ ಎಷ್ಟು, ನೀವೇ ಲೆಕ್ಕ ಹಾಕಿ.

ಫೋಟೋಗ್ರಾಫರನ್ನು ನಾನು ದೂರುವುದಿಲ್ಲ. ಅವನು ದುಡ್ಡು ತೆಗೆದುಕೊಂಡಿದ್ದಾನೆ, ಕೆಲಸ ಮಾಡುತ್ತಾನೆ. ಅವನಿಗೆ ನಿಲ್ಲಲು ಜಾಗ ತೋರಿಸಿದವರು ನಾವು. ಪೋಪ್ ಫ್ರಾನ್ಸಿಸ್ 2017ರ ನವೆಂಬರಿನಲ್ಲಿ ವ್ಯಾಟಿಕನ್‌ನಲ್ಲಿ ಜನರ ಮುಂದೆ ಇದನ್ನೇ ಹೇಳಿದ್ದರು. ಪೂಜೆಯಲ್ಲಿ ಗುರುಗಳು ಹೃದಯವನ್ನು ಮೇಲೆತ್ತಿ ಅನ್ನುತ್ತಾರೆಯೇ ಹೊರತು ಫೋನನ್ನು ಮೇಲೆತ್ತಿ ಅನ್ನುವುದಿಲ್ಲ ಅಂದರು. ಜನ ಮಾತ್ರವಲ್ಲ, ಗುರುಗಳು, ಬಿಷಪ್‌ಗಳೂ ಫೋನ್ ಎತ್ತುವುದನ್ನು ನೋಡಿ ದುಃಖವಾಗುತ್ತದೆ ಅಂದರು. ಅವರು ಹೇಳಿ ಇಷ್ಟು ವರ್ಷವಾಯಿತು. ನಮ್ಮಲ್ಲಿ ಫೋನುಗಳು ಇನ್ನೂ ಎತ್ತರಕ್ಕೆ ಹೋಗಿವೆ. ಸೆಲ್ಫಿ ಸ್ಟಿಕ್ ಬಂದಿದೆಯಲ್ಲ.

ಯೇಸುವಿನ ಹತ್ತಿರ ಒಬ್ಬ ಧರ್ಮಶಾಸ್ತ್ರಿ ಬಂದು, ಎಲ್ಲಕ್ಕಿಂತ ದೊಡ್ಡ ಆಜ್ಞೆ ಯಾವುದು ಅಂತ ಕೇಳುತ್ತಾನೆ. ಮಾರ್ಕನ ಶುಭಸಂದೇಶದ 12ನೇ ಅಧ್ಯಾಯ. ನಿನ್ನ ದೇವರನ್ನು ಪೂರ್ಣ ಹೃದಯದಿಂದ, ಪೂರ್ಣ ಪ್ರಾಣದಿಂದ, ಪೂರ್ಣ ಮನಸ್ಸಿನಿಂದ, ಪೂರ್ಣ ಶಕ್ತಿಯಿಂದ ಪ್ರೀತಿಸು ಅನ್ನುತ್ತಾರೆ ಯೇಸು. ಇದು ಅವರು ಹೊಸದಾಗಿ ಹೇಳಿದ್ದಲ್ಲ. ಹಳೇ ಒಡಂಬಡಿಕೆಯ ಧರ್ಮೋಪದೇಶಕಾಂಡದ 6ನೇ ಅಧ್ಯಾಯದಲ್ಲಿ ಇರುವುದನ್ನೇ ನೆನಪಿಸಿದರು. ಅಲ್ಲಿ ಮುಂದಿನ ಸಾಲೂ ಇದೆ. ಈ ಮಾತನ್ನು ಮನೆಯಲ್ಲಿ ಕೂತಿರುವಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳಿಗೆ ಹೇಳಿಕೊಡಬೇಕು ಅಂತ. ಕೂರುವುದು, ನಡೆಯುವುದು, ಮಲಗುವುದು, ಏಳುವುದು. ಇವತ್ತು ಈ ನಾಲ್ಕೂ ಹೊತ್ತಿನಲ್ಲಿ ನಮ್ಮ ಕೈಯಲ್ಲಿ ಏನಿರುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಂತ ಹಿಂದಿನವರೆಲ್ಲ ಏಕಾಗ್ರತೆಯಿಂದ ಕೂತು ಪ್ರಾರ್ಥನೆ ಮಾಡುತ್ತಿದ್ದರು, ಈಗ ಕಾಲ ಕೆಟ್ಟಿತು ಅನ್ನುವುದೂ ಸುಳ್ಳು. ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಎವಾಗ್ರಿಯಸ್ ಅನ್ನುವ ಸನ್ಯಾಸಿ ಇದ್ದರು. ಬೇಸರ ಹಿಡಿದ ಸನ್ಯಾಸಿ ಏನೇನು ಮಾಡುತ್ತಾನೆ ಅಂತ ಅವರು ಬರೆದಿಟ್ಟಿದ್ದಾರೆ. ಓದಲು ಕೂರುತ್ತಾನೆ, ಆಕಳಿಸುತ್ತಾನೆ, ಗೋಡೆ ನೋಡುತ್ತಾನೆ, ಇನ್ನೆಷ್ಟು ಹಾಳೆ ಉಳಿದಿದೆ ಅಂತ ಎಣಿಸುತ್ತಾನೆ, ಬರೆದವನ ಅಕ್ಷರ ಚೆನ್ನಾಗಿಲ್ಲ ಅಂತ ತಪ್ಪು ಹುಡುಕುತ್ತಾನೆ, ಕೊನೆಗೆ ಪುಸ್ತಕವನ್ನೇ ತಲೆಗಿಟ್ಟುಕೊಂಡು ಮಲಗುತ್ತಾನೆ. ಫೋನಿಲ್ಲ, ಟಿವಿ ಇಲ್ಲ, ಪಕ್ಕದ ಮನೆಯೂ ಇಲ್ಲ. ಆದರೂ ಈ ಗತಿ! ಆವಿಲಾದ ತೆರೇಸಮ್ಮನವರು ದೊಡ್ಡ ಸಂತರು. ಪ್ರಾರ್ಥನೆಯ ಗಂಟೆ ಯಾವಾಗ ಮುಗಿಯುತ್ತದೋ ಅಂತ ಕಾಯುತ್ತಿದ್ದ ದಿನಗಳಿದ್ದವು ಅಂತ ಅವರೇ ಒಪ್ಪಿಕೊಂಡಿದ್ದಾರೆ. ಮಕ್ಕಳಿಗೆ ನಾನು ಇದನ್ನು ಹೇಳಿದಾಗ ಅವರ ಮುಖದಲ್ಲಿ ಎಂಥಾ ಸಮಾಧಾನ ಅಂತೀರಿ.

ಆದರೆ ಒಂದು ವ್ಯತ್ಯಾಸ ಇದೆ. ಆ ಸನ್ಯಾಸಿ ಗೋಡೆ ನೋಡಿದರೆ ಯಾರಿಗೂ ಲಾಭ ಇರಲಿಲ್ಲ. ಇವತ್ತು ನಮ್ಮ ಮನಸ್ಸು ಅತ್ತಿತ್ತ ಹೋದರೆ ಅದರಿಂದ ದುಡಿಯುವ ಕಂಪನಿಗಳಿವೆ. ಆ್ಯಪ್ ನಮಗೆ ಬಿಟ್ಟಿ ಸಿಗುತ್ತದೆ. ಜಾಹೀರಾತಿನವರು ದುಡ್ಡು ಕೊಡುವುದು ನಾವು ಎಷ್ಟು ಹೊತ್ತು ನೋಡುತ್ತೇವೆ ಅನ್ನುವುದಕ್ಕೆ. ಅದಕ್ಕೇ ಪುಟಕ್ಕೆ ಕೊನೆಯೇ ಇಲ್ಲದಂತೆ ಮಾಡಿದ್ದಾರೆ. ಬೆರಳು ತಳ್ಳಿದಷ್ಟೂ ಇನ್ನೊಂದು ಬರುತ್ತದೆ. ಒಂದು ಸಪ್ಪೆ, ಒಂದು ಸಪ್ಪೆ, ಆಮೇಲೆ ಒಂದು ನಗು ಬರಿಸುವಂಥದ್ದು. ಆ ಮುಂದಿನದು ಯಾವಾಗ ಬರುತ್ತದೋ ಗೊತ್ತಿಲ್ಲದ್ದರಿಂದಲೇ ಕೈ ನಿಲ್ಲುವುದಿಲ್ಲ. ನಮ್ಮ ಪ್ರಾರ್ಥನೆಗಳಿಗೆ ಕೊನೆ ಇದೆ. ಜಪಸರದ ಐದು ದಶಕ, ಅಂದರೆ ಹತ್ತು ಹತ್ತು ಮಣಿಯ ಐದು ಸುತ್ತು, ಮುಗಿಯಿತು ಅಂತ ಬೆರಳಿಗೇ ಗೊತ್ತಾಗುತ್ತದೆ. ಆಮೆನ್ ಅಂದರೆ ಎದ್ದು ಕೆಲಸಕ್ಕೆ ಹೋಗಬಹುದು. ರೀಲ್ಸಿಗೆ ಆಮೆನ್ ಇಲ್ಲ.

ಮಂಡ್ಯದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿರುತ್ತದೆ. ವಿಶ್ವೇಶ್ವರಯ್ಯ ನಾಲೆಗೆ ನೀರೂ ಬಿಟ್ಟಿರುತ್ತಾರೆ. ಆದರೂ ಮದ್ದೂರು, ಮಳವಳ್ಳಿ ಕಡೆ ಕೊನೇ ಭಾಗದ ರೈತರು ನೀರು ಬಂದಿಲ್ಲ ಅಂತ ರಸ್ತೆಗೆ ಕೂರುವುದನ್ನು ನೋಡಿದ್ದೇವೆ. ದಾರಿಯುದ್ದಕ್ಕೂ ಅಲ್ಲಿಷ್ಟು ಇಲ್ಲಿಷ್ಟು ಸೋರಿಹೋದರೆ ಕೊನೆಯ ಗದ್ದೆಗೆ ಬರುವುದೇನು? ನಮ್ಮ ಜನಕ್ಕೆ ದೇವರ ಮೇಲೆ ಪ್ರೀತಿ ಕಡಿಮೆಯಾಗಿಲ್ಲ, ಸ್ವಾಮಿ. ಬೆಳಿಗ್ಗೆಯಿಂದ ಸೋರಿ ಸೋರಿ, ರಾತ್ರಿ ಮೊಣಕಾಲೂರುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ಭಾನುವಾರ ಚರ್ಚಿಗೆ ಬಂದಾಗಲಾದರೂ ಆ ಸೋರಿಕೆ ನಿಲ್ಲಬೇಕು. ಅಲ್ಲೂ ಹೊಸ ತೂಬು ತೆಗೆದರೆ ಹೇಗೆ?

ಲೈವ್ ಪೂಜೆಯ ವಿಷಯ ಹೇಳಲೇಬೇಕು. 2020ರ ಲಾಕ್‌ಡೌನ್‌ನಲ್ಲಿ ಚರ್ಚಿನ ಬಾಗಿಲು ಮುಚ್ಚಿದಾಗ ಅದು ದೊಡ್ಡ ಉಪಕಾರ ಮಾಡಿತು. ಇವತ್ತಿಗೂ ಮಾಡುತ್ತಿದೆ. ಮಂಡ್ಯದಲ್ಲಿರುವ ನಮ್ಮ ದೊಡ್ಡಮ್ಮನಿಗೆ ಮೊಣಕಾಲು ಪೂರ್ತಿ ಹೋಗಿದೆ. ಭಾನುವಾರ ತಲೆ ಬಾಚಿಕೊಂಡು, ಒಳ್ಳೆ ಸೀರೆ ಉಟ್ಟು, ಫೋನನ್ನು ಶಿಲುಬೆಯ ಪಕ್ಕ ನಿಲ್ಲಿಸಿ, ಪೂಜೆ ಮುಗಿಯುವವರೆಗೆ ಒಂದು ಲೋಟ ನೀರೂ ಕುಡಿಯುವುದಿಲ್ಲ. ಫೋನ್ ಬಂದರೆ ಮೊಮ್ಮಗ ಕಟ್ ಮಾಡಬೇಕು. ಅವರ ಮುಂದೆ ನಾವು ಚರ್ಚಿನಲ್ಲೇ ಕೂತವರು ಏನೂ ಅಲ್ಲ. ಆದ್ದರಿಂದ ಲೈವ್ ನಿಲ್ಲಿಸಿ ಅನ್ನುವುದಿಲ್ಲ. ಹಾಸಿಗೆ ಹಿಡಿದವರಿಗೆ, ವಯಸ್ಸಾದವರಿಗೆ ಅದು ಇರಲಿ. ಆದರೆ ಗಟ್ಟಿಮುಟ್ಟಾಗಿರುವವರು ಒಲೆ ಮೇಲೆ ಕುಕ್ಕರ್ ಇಟ್ಟು, ನಡುವೆ ಎರಡು ಸಲ ಆಮೆನ್ ಅಂತ ಟೈಪ್ ಮಾಡಿ, ಇವತ್ತಿನ ಪೂಜೆ ಆಯಿತು ಅಂದುಕೊಳ್ಳುತ್ತಾರಲ್ಲ, ಅವರಿಗೆ ಹೇಳುವವರು ಯಾರು? ನಾವೋ, ಎಷ್ಟು ಜನ ನೋಡಿದರು ಅನ್ನುವ ನಂಬರನ್ನು ಗ್ರೂಪಿಗೆ ಹಾಕಿ ಖುಷಿಪಡುತ್ತೇವೆ.

ಗ್ರೂಪು ಅಂದಾಗ ನೆನಪಾಯಿತು. ನಮ್ಮ ಧರ್ಮಕೇಂದ್ರದ ವಾಟ್ಸಾಪ್ ಗ್ರೂಪಿನಲ್ಲಿ ಬೆಳಿಗ್ಗೆ ಐದರಿಂದ ಶುರು. ಗುಡ್ ಮಾರ್ನಿಂಗ್ ಯೇಸು, ಗುಲಾಬಿ ಹೂವಿನ ಮಾತೆ, ಇದನ್ನು ಹತ್ತು ಜನಕ್ಕೆ ಕಳಿಸಿದರೆ ಸಂಜೆಯೊಳಗೆ ಒಳ್ಳೆ ಸುದ್ದಿ. ಕಳಿಸದಿದ್ದರೆ ಏನೋ ಆಗುತ್ತದಂತೆ. ಇದು ಭಕ್ತಿಯಾ? ಗುರುಗಳೂ ಅದೇ ಗ್ರೂಪಿನಲ್ಲಿದ್ದೀರಿ. ಒಂದು ಮಾತು ಹೇಳಬಹುದಲ್ವಾ?

ನಾನು ಫೋನಿನ ಶತ್ರು ಅಲ್ಲ. ನನ್ನ ಬೈಬಲ್ ಓದೂ ಎಷ್ಟೋ ಸಲ ಫೋನಿನಲ್ಲೇ, ಬಸ್ಸಿನಲ್ಲಿ ದಪ್ಪ ಪುಸ್ತಕ ಹಿಡಿಯಲಾಗುವುದಿಲ್ಲ. ಒಂದು ದಿನ 46ನೇ ಕೀರ್ತನೆ ಓದುತ್ತಿದ್ದೆ. ಸುಮ್ಮನಿದ್ದು ನಾನೇ ದೇವರೆಂದು ತಿಳಿಯಿರಿ ಅನ್ನುವ ಸಾಲಿನ ಮೇಲೆಯೇ ಒಂದು ಪಟ್ಟಿ ಇಳಿಯಿತು. ಕುಕ್‌ವೇರ್ ಮೇಲೆ ರಿಯಾಯಿತಿ, ಇವತ್ತೇ ಕೊನೆ. ಬಸ್ಸಿನಲ್ಲೇ ನಗು ಬಂತು. ಆಮೇಲೆ ಓದುವಾಗ ನೆಟ್ ಆಫ್ ಮಾಡುತ್ತೇನೆ, ಅಷ್ಟೇ.

ಮಕ್ಕಳಿಗೆ ಈಗ ಇಷ್ಟದ ಸಂತ ಕಾರ್ಲೊ ಅಕ್ಯೂಟಿಸ್. 2006ರಲ್ಲಿ ಹದಿನೈದನೇ ವಯಸ್ಸಿಗೆ ತೀರಿಕೊಂಡ ಇಟಲಿಯ ಹುಡುಗ. 2025ರ ಸೆಪ್ಟೆಂಬರ್ 7ರಂದು ಪೋಪ್ ಲಿಯೋ ಅವರು ಸಂತ ಪದವಿ ಕೊಟ್ಟರು. ಜೀನ್ಸ್, ಶೂ ಹಾಕಿಕೊಂಡ ಸಂತ ಅಂದರೆ ಮಕ್ಕಳಿಗೆ ಕಣ್ಣರಳುತ್ತದೆ. ಅವನು ಕಂಪ್ಯೂಟರ್ ಕಲಿತು ಪರಮಪ್ರಸಾದದ ಅದ್ಭುತಗಳ ಬಗ್ಗೆ ವೆಬ್‌ಸೈಟ್ ಮಾಡಿದ. ದಿನಾ ಪೂಜೆಗೆ ಹೋಗುತ್ತಿದ್ದ. ವಿಡಿಯೋ ಗೇಮ್ ಮಾತ್ರ ವಾರಕ್ಕೆ ಒಂದು ಗಂಟೆ ಅಂತ ತಾನೇ ಕಟ್ಟು ಹಾಕಿಕೊಂಡಿದ್ದ. ಇದನ್ನು ಹೇಳಿದಾಗ ನಮ್ಮ ಕ್ಲಾಸಿನ ಒಬ್ಬ ಹುಡುಗ, "ವಾರಕ್ಕೆ ಒಂದೇ ಗಂಟೆನಾ ಮಿಸ್? ಹಂಗಾದ್ರೆ ಸಂತ ಆಗೋದು ಕಷ್ಟ" ಅಂದ. ನಿಜವಾದ ಮಾತು. ಕಷ್ಟವೇ.

ಇನ್ನು ನಮ್ಮ ಊರುಗಳ ಕಡೆ ನೋಡೋಣ. ಲಿಯೊನಾರ್ಡೊ ಚಿನ್ನಾಮಿ ಅನ್ನುವ ಇಟಲಿಯ ಯೇಸುಸಭೆಯ (ಜೆಸ್ವಿಟ್) ಗುರುಗಳು ಹದಿನೇಳನೇ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ ಶುರು ಮಾಡಿದರು. ಕನ್ನಡ ಕಲಿತು, ಕನ್ನಡದಲ್ಲೇ ಧರ್ಮೋಪದೇಶದ ಪುಸ್ತಕ, ವ್ಯಾಕರಣ ಬರೆದರು. ಟಿಪ್ಪು ಸತ್ತ 1799ರ ನಂತರ ಫ್ರಾನ್ಸಿನ ಅಬ್ಬೆ ದುಬೋಯ್ ಅದೇ ಶ್ರೀರಂಗಪಟ್ಟಣಕ್ಕೆ ಬಂದರು. ಚದುರಿಹೋದ ಕ್ರೈಸ್ತರನ್ನು ಒಟ್ಟುಮಾಡಿದರು. ಇಲ್ಲಿನವರ ಹಾಗೇ ಬಟ್ಟೆ ಉಟ್ಟು, ಮಾಂಸ ಬಿಟ್ಟು ಬದುಕಿದರು. ಸಿಡುಬಿನ ಲಸಿಕೆ ಹಾಕಿಸಲು ಹಳ್ಳಿಹಳ್ಳಿ ಅಲೆದರು. ಜನ ಅವರನ್ನು ದೊಡ್ಡಸ್ವಾಮಿಯವರು ಅಂತ ಕರೆದರು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ 1906ರಲ್ಲಿ ವೆಸ್ಲಿಯನ್ ಮಿಷನ್ನಿನವರು ಹೆಂಗಸರು ಮಕ್ಕಳಿಗೆ ಅಂತ ಆಸ್ಪತ್ರೆ ತೆರೆದರು. ಹೋಲ್ಡ್ಸ್‌ವರ್ತ್ ಆಸ್ಪತ್ರೆ ಅನ್ನುವುದಕ್ಕಿಂತ ಮಿಷನ್ ಆಸ್ಪತ್ರೆ ಅಂದರೇ ಆಟೋದವರಿಗೆ ಗೊತ್ತು.

ಇವರ ಹೆಸರು ಎತ್ತಿದ್ದು ಹೊಗಳಲಿಕ್ಕಲ್ಲ. ಪೂರ್ಣ ಮನಸ್ಸಿನ ಭಕ್ತಿ ಅಂದರೆ ಮೂಲೆಯಲ್ಲಿ ಕಣ್ಣು ಮುಚ್ಚಿ ಕೂರುವುದು ಮಾತ್ರ ಅಂತ ಯಾರೂ ತಿಳಿಯಬಾರದು. ಹೆಬ್ಬಾಳದ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮಾಡುವವನಿಗೆ, ಆಸ್ಪತ್ರೆಯಲ್ಲಿ ಡ್ಯೂಟಿ ಮಾಡುವ ನರ್ಸಿಗೆ, ಎರಡು ಮಕ್ಕಳ ತಾಯಿಗೆ ಗಂಟೆಗಟ್ಟಲೆ ಕೂರಲು ಎಲ್ಲಿ ಆಗುತ್ತದೆ? ಹದಿನೇಳನೇ ಶತಮಾನದಲ್ಲಿ ಪ್ಯಾರಿಸ್ಸಿನ ಮಠವೊಂದರಲ್ಲಿ ಬ್ರದರ್ ಲಾರೆನ್ಸ್ ಅಂತ ಇದ್ದರು. ಅವರ ಕೆಲಸ ಅಡುಗೆಮನೆಯಲ್ಲಿ. ಪಾತ್ರೆಗಳ ಸದ್ದಿನ ನಡುವೆಯೂ ದೇವರ ಜೊತೆಗೇ ಇರುವುದನ್ನು ರೂಢಿ ಮಾಡಿಕೊಂಡರು. ಅವರ ಕೈ ತುಂಬ ಕೆಲಸ ಇತ್ತು. ಮನಸ್ಸು ಹೋಳಾಗಿರಲಿಲ್ಲ. ಕೆಲಸ ಬೇರೆ, ಗೀಳು ಬೇರೆ. ಆದ್ದರಿಂದ ಭಕ್ತಿ ಹೆಚ್ಚಿಸುತ್ತೇವೆ ಅಂತ ದಯವಿಟ್ಟು ಇನ್ನೊಂದು ಕಾರ್ಯಕ್ರಮ ಸೇರಿಸಬೇಡಿ. ಈಗಿರುವುದೇ ಜಾಸ್ತಿಯಾಗಿದೆ.

ಡೋರ್ನಹಳ್ಳಿಯ ಸಂತ ಅಂತೋಣಿಯವರ ಬಸಿಲಿಕಾಕ್ಕೆ ಮಂಗಳವಾರ ಹೋಗಿ ನೋಡಿ. ಕೆ.ಆರ್. ನಗರ ಸುತ್ತಿನ ಎಲ್ಲ ಜಾತಿ ಧರ್ಮದವರೂ ಬರುತ್ತಾರೆ. ಒಬ್ಬ ರೈತ ಹೆಂಗಸು ಮೇಣದಬತ್ತಿ ಹಿಡಿದು ನಿಂತಿದ್ದರು. ಬುಟ್ಟಿಯಲ್ಲಿದ್ದ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ತಿರುಗಿಯೂ ನೋಡಲಿಲ್ಲ. ಬತ್ತಿ ಹಚ್ಚಿ, ಪಾದ ಮುಟ್ಟಿ, ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಗೆ ಬಂದ ಮೇಲೆ ಫೋನ್ ತೆಗೆದು, "ಸ್ವಾಮಿ ಮುಂದೆ ನಿಂತಿದ್ದೆ ಕಣಪ್ಪ, ಏನ್ ಹೇಳು" ಅಂದರು. ಅವರಿಗೆ ಸ್ನಾನದೀಕ್ಷೆ ಆಗಿಲ್ಲ, ಧರ್ಮೋಪದೇಶ ಆಗಿಲ್ಲ. ನಮಗೆ ಎರಡೂ ಆಗಿದೆ.

ಮೈಸೂರಿನ ಫಿಲೋಮಿನಾ ಚರ್ಚಿಗೆ ದಸರಾ ಹೊತ್ತಿನಲ್ಲಿ ಪ್ರವಾಸಿಗಳು ಬಸ್ಸುಗಟ್ಟಲೆ ಬಂದಾಗ ನಮ್ಮವರೇ ಗೊಣಗುತ್ತಾರೆ, ಬರೀ ಸೆಲ್ಫಿಗೆ ಬರುತ್ತಾರೆ ಅಂತ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದ ಕಟ್ಟಡ, 175 ಅಡಿಯ ಜೋಡಿ ಗೋಪುರ, ನೋಡಬೇಕು ಅನಿಸುವುದು ಸಹಜ. ಪ್ರವಾಸಿಗಳು ಪ್ರವಾಸಿಗಳ ಹಾಗಿದ್ದರೆ ತಪ್ಪೇನು? ಮದುವೆ, ನಾಮಕರಣ, ಹಬ್ಬ ಅಂತ ಬಂದು ಬಲಿಪೀಠಕ್ಕೆ ಬೆನ್ನು ಹಾಕಿ ಫೋಟೋಕ್ಕೆ ನಿಲ್ಲುವವರು ನಾವೇ ಅಲ್ವಾ?

ಈಗ ನಾನು ಕೇಳುವುದು. ದೊಡ್ಡದೇನಲ್ಲ, ದುಡ್ಡೂ ಬೇಡ.

ಪರಮಪ್ರಸಾದ ಕೊಟ್ಟು ಮುಗಿದ ಮೇಲೆ ಐದು ನಿಮಿಷ ಯಾರೂ ಏನೂ ಮಾಡಬೇಡಿ. ಹಾಡು ಬೇಡ, ಕೀಬೋರ್ಡ್ ಬೇಡ, ಪ್ರೊಜೆಕ್ಟರಿನಲ್ಲಿ ಚಿತ್ರ ಬೇಡ. ಕಾಯರಿನವರು ಇದಕ್ಕೆ ಮುನಿಸಿಕೊಳ್ಳಬಹುದು, ಅವರ ಒಳ್ಳೇ ಹಾಡು ಆಗಲೇ ಬರುವುದು ಅಂತ ನನಗೂ ಗೊತ್ತು. ಆದರೆ ಇದು ನನ್ನ ಹೊಸ ಬೇಡಿಕೆಯಲ್ಲ. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯೇ ಆರಾಧನೆಯಲ್ಲಿ ಸರಿಯಾದ ಹೊತ್ತಿಗೆ ಪವಿತ್ರ ಮೌನ ಇರಬೇಕು ಅಂತ ಹೇಳಿದೆ. ಪ್ರಸಾದ ಸ್ವೀಕರಿಸಿದ ಮೇಲೆ ಒಳಗೊಳಗೇ ಪ್ರಾರ್ಥಿಸಲು ಸಮಯ ಬಿಡಬಹುದು ಅಂತ ಪೂಜಾವಿಧಿಯ ನಿಯಮದಲ್ಲೂ ಇದೆ. ನಿಯಮದಲ್ಲಿ ಇರುವುದನ್ನೇ ಕೊಡಿ ಅನ್ನುತ್ತಿದ್ದೇನೆ. ಮೊದಲ ವಾರ ಜನ ಕೆಮ್ಮುತ್ತಾರೆ, ಮೈಕ್ ಕೆಟ್ಟಿದೆ ಅಂದುಕೊಂಡು ಹಿಂದೆ ತಿರುಗಿ ನೋಡುತ್ತಾರೆ. ಎರಡು ಮೂರು ವಾರದಲ್ಲಿ ಅಭ್ಯಾಸವಾಗುತ್ತದೆ. ನಮ್ಮ ಕ್ಲಾಸಿನ ಮಕ್ಕಳಿಗೇ ಆಗಿದೆ, ದೊಡ್ಡವರಿಗೆ ಆಗುವುದಿಲ್ಲವಾ?

ಫೋಟೋದವರು ಗೋಡೆ ಬದಿಯಲ್ಲಿ ನಿಲ್ಲಲಿ, ಒಬ್ಬರೇ ಇರಲಿ, ಪ್ರಸಾದದ ಹೊತ್ತಿನಲ್ಲಿ ಕ್ಯಾಮೆರಾ ಕೆಳಗಿಡಲಿ. ಪೂಜೆ ಮುಗಿದ ಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಷ್ಟು ಬೇಕಾದರೂ ತೆಗೆಯಲಿ. ಕಾರು, ಕೂಪನ್ನು, ದಾನ ಕೊಟ್ಟವರ ಹೆಸರು ನೋಟಿಸ್ ಬೋರ್ಡಿಗೆ ಹೋಗಲಿ. ಕೊಟ್ಟವರು ಬೇಜಾರಾದರೆ ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅನ್ನುವ ಮಾತು ಮತ್ತಾಯನ 6ನೇ ಅಧ್ಯಾಯದಲ್ಲಿದೆ, ತೋರಿಸಿ.

ಪ್ರಬೋಧನೆ ಉದ್ದವಾಗುತ್ತಿದೆ ಅಂತ ಹೇಳಲು ನನಗೆ ಸಂಕೋಚ. ಬೈಬಲಿನಲ್ಲಿ ಪ್ರೇಷಿತ ಪೌಲರು ತ್ರೋವ ಪಟ್ಟಣದಲ್ಲಿ ನಡುರಾತ್ರಿಯವರೆಗೆ ಮಾತಾಡಿದಾಗ ಯೂತಿಖ ಅನ್ನುವ ಹುಡುಗ ಕಿಟಕಿಯಲ್ಲಿ ಕೂತವನು ನಿದ್ದೆಹೋಗಿ ಮೂರನೇ ಅಂತಸ್ತಿನಿಂದ ಬಿದ್ದ. ಪೌಲರು ಇಳಿದುಹೋಗಿ ಅವನನ್ನು ಬದುಕಿಸಿದರು, ಹತ್ತಿ ಬಂದು ಬೆಳಗಾಗುವವರೆಗೆ ಮತ್ತೆ ಮಾತಾಡಿದರು. ಪೌಲರಾದರೆ ಸರಿ. ಉಳಿದವರು ಸ್ವಲ್ಪ ನೋಡಿಕೊಳ್ಳಬೇಕು.

ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರಾಟೆಸ್ಟೆಂಟ್) ಸಭೆಯ ಅಣ್ಣ ಅಕ್ಕಂದಿರಿಗೆ ನಾನು ಹೇಳುವುದು ಸಲ್ಲದೇನೋ. ವೆಸ್ಲಿಯನ್ ಪರಂಪರೆ ಶುರು ಮಾಡಿದ ಜಾನ್ ವೆಸ್ಲಿಯವರು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಪ್ರಾರ್ಥಿಸುತ್ತಿದ್ದ ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಾಲ್ಕು ಗಂಟೆ ಬೇಡ. ಆರಾಧನೆ ಶುರುವಾಗುವ ಮುಂಚಿನ ಸೌಂಡ್ ಚೆಕ್ಕನ್ನು ಜನ ಬರುವ ಮೊದಲೇ ಮುಗಿಸಿದರೂ ಸಾಕು.

ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಮೊಬೈಲ್ ಉಪವಾಸ ಮಾಡಿಸುವ ಯೋಚನೆ ಯೂತ್ ಗುಂಪಿಗೆ ಬಂದಿದೆಯಂತೆ. ಒಳ್ಳೆಯದು. ಆದರೆ ಅದಕ್ಕೆ ಪೋಸ್ಟರ್ ಮಾಡಿ, ದಿನಾ ಸ್ಟೇಟಸ್ ಹಾಕಿ, ಕೊನೆಗೆ ಸರ್ಟಿಫಿಕೇಟ್ ಕೊಡುವುದು ಬೇಡ. ಸುಮ್ನೆ ಬಿಡಿ, ಯಾರಿಗೂ ಹೇಳಬೇಡಿ.

ಕೊನೆಯದು ಬಾಗಿಲಿನ ವಿಷಯ. ವಾರದ ದಿನಗಳಲ್ಲಿ ನಮ್ಮ ಎಷ್ಟೋ ಚರ್ಚುಗಳಿಗೆ ಬೀಗ. ಕಳ್ಳತನದ ಭಯ ಇದೆ, ಒಪ್ಪುತ್ತೇನೆ. ಆದರೆ ಆಫೀಸು ಬಿಟ್ಟು ಬರುವವರು, ಟ್ಯೂಷನ್ ಮುಗಿಸಿದ ಮಕ್ಕಳು, ಮನೆಯಲ್ಲಿ ಟಿವಿ ಸದ್ದಿನ ನಡುವೆ ಒಂದು ಜಪಸರ ಹೇಳಲು ಆಗದ ಹೆಂಗಸರು ಬಂದು ಕೂರಲು ಜಾಗ ಎಲ್ಲಿದೆ? ಸಂಜೆ ಆರರಿಂದ ಏಳೂವರೆವರೆಗೆ ತೆಗೆದಿಡಿ. ಕಾಯಲು ಆಳಿಲ್ಲ ಅನ್ನುವುದಾದರೆ ನಾವು ಧರ್ಮೋಪದೇಶದ ಟೀಚರುಗಳು ದಿನ ಹಂಚಿಕೊಂಡು ಬರಲು ಮಾತಾಡಿಕೊಂಡಿದ್ದೇವೆ. ನನಗೆ ಬುಧವಾರ ಮತ್ತು ಶುಕ್ರವಾರ ಆಗುತ್ತದೆ. ಬೀಗದ ಕೈ ಯಾರ ಹತ್ತಿರ ಇಸಿದುಕೊಳ್ಳಬೇಕು ಅಂತ ಮುಂದಿನ ಪಾಲನಾ ಸಮಿತಿ ಸಭೆಯಲ್ಲಿ ತೀರ್ಮಾನ ಮಾಡಿ ತಿಳಿಸಿ.

ಇಂತಿ,
ಮೈಸೂರಿನ ಒಬ್ಬ ಧರ್ಮೋಪದೇಶ ಟೀಚರ್